ಹಿತ್ತಿಲ ಕೋಳಿಗೂಡೂ ಮೂಷಕಬಾಧೆಯೂ

ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳನ್ನು ಸಾಕಿಕೊಂಡಿರುವ ಗೃಹಸ್ಥರಲ್ಲಿ ಇಲಿಯ ಕಾಟವನ್ನು ಅನುಭವಿಸದವರು ವಿರಳ. ಗೂಡನ್ನು ಕಟ್ಟಿಸಿ, ನಾಟಿಯೋ ಗಿರಿರಾಜವೋ ಅಂತೂ ಐದಾರು ಹೇಂಟೆಗಳನ್ನು ತಂದು ಬಿಟ್ಟು, ಮೊದಲನೆಯ ಮೊಟ್ಟೆಯನ್ನು ಕಂಡು ಮನೆಮಂದಿಯೆಲ್ಲ ಸಂತೋಷಪಟ್ಟ ಕೆಲವು ತಿಂಗಳುಗಳೊಳಗಾಗಿಯೇ ಗೂಡಿನ ಮೂಲೆಯಲ್ಲಿ ಒಂದು ಬಿಲ ಕಾಣಿಸಿಕೊಳ್ಳುತ್ತದೆ. ಬಳಿಕ ಮೊಟ್ಟೆಗಳ ಲೆಕ್ಕ ತಪ್ಪುತ್ತದೆ. ನುಚ್ಚಿನ ಚೀಲಕ್ಕೆ ತೂತು ಬೀಳುತ್ತದೆ. ಕಾವಿನಿಂದೆದ್ದ ಮರಿಗಳು ಬೆಳಗಾಗುವಷ್ಟರಲ್ಲಿ ಒಂದೆರಡು ಕಡಮೆಯಾಗುತ್ತವೆ. ಆಗ ಗೃಹಸ್ಥನು ಅಂಗಡಿಗೆ ಹೋಗಿ ಪಾಷಾಣವನ್ನು ಕೊಂಡುತರುತ್ತಾನೆ. ಈ ಕಡೆಯ ಕೆಲಸವನ್ನು ಮಾಡುವುದಕ್ಕೆ ಮೊದಲು ಆಲೋಚಿಸಬೇಕಾದ ಸಂಗತಿಗಳು ಹಲವುಂಟು. ಅವನ್ನು ಈ ತಿಂಗಳು ವಾಚಕರ ಮುಂದಿಡಲು ಬಯಸುವೆವು.

ಸಂಸ್ಕೃತದಲ್ಲಿ ಇಲಿಗಿರುವ ಹೆಸರುಗಳಲ್ಲಿ ಎರಡನ್ನು ಗೃಹಸ್ಥರು ನೆನಪಿನಲ್ಲಿಟ್ಟುಕೊಳ್ಳಬೇಕು. ಒಂದು ಮೂಷಕ, ಕದಿಯುವುದೆಂಬ ಅರ್ಥವುಳ್ಳ 'ಮುಷ್' ಧಾತುವಿನಿಂದ ಹುಟ್ಟಿದ ಶಬ್ದ. ಇನ್ನೊಂದು ಆಖು, ಇದು ಅಗೆಯುವುದೆಂಬ ಅರ್ಥದ 'ಖನ್' ಧಾತುವಿಗೆ ಸಂಬಂಧಪಟ್ಟದ್ದು. ಇಲಿಯ ಜೀವನವೆಲ್ಲವೂ ಈ ಎರಡು ಹೆಸರುಗಳಲ್ಲಿ ಅಡಗಿದೆ. ಕದಿಯುವುದಕ್ಕೆ ಆಹಾರ, ಅಗೆದು ಅಡಗುವುದಕ್ಕೆ ಸ್ಥಳ: ಇವೆರಡು ದೊರೆತರೆ ಅದು ನಿಲ್ಲುತ್ತದೆ, ದೊರೆಯದಿದ್ದರೆ ಹೊರಟುಹೋಗುತ್ತದೆ. ರೋಗಕ್ಕೆ ಚಿಕಿತ್ಸೆ ಮಾಡುವ ವೈದ್ಯನು ಮೊದಲು ರೋಗದ ಕಾರಣವನ್ನು ತೊಲಗಿಸಬೇಕೆಂದು ಆಯುರ್ವೇದವು ಹೇಳುತ್ತದೆ. ಇದಕ್ಕೆ ನಿದಾನಪರಿವರ್ಜನವೆಂದು ಹೆಸರು. ಮೂಷಕಬಾಧೆಯಲ್ಲಿಯೂ ಇದೇ ಮೊದಲನೆಯ ಚಿಕಿತ್ಸೆ. ಇದನ್ನು ಬಿಟ್ಟು ಕೊಲ್ಲುವುದನ್ನೇ ಹಿಡಿದುಕೊಂಡವರು ವರ್ಷವೆಲ್ಲ ಕೊಲ್ಲುತ್ತಲೇ ಇರಬೇಕಾಗುವುದು. ಏತಕ್ಕೆಂದರೆ, ಹೆಣ್ಣಿಲಿಯು ಸುಮಾರು ಮೂರು ವಾರಗಳು ಗರ್ಭವನ್ನು ಧರಿಸಿ ಒಂದು ಸೂಲಿಗೆ ಆರು, ಏಳು, ಎಂಟು ಮರಿಗಳನ್ನು ಹಾಕುತ್ತದೆ. ಆ ಮರಿಗಳು ಮೂರು ತಿಂಗಳಾಗುವಷ್ಟರಲ್ಲಿ ತಾವೇ ಮರಿಹಾಕುವ ವಯಸ್ಸಿಗೆ ಬರುತ್ತವೆ. ಅನ್ನವಿರುವ ಕಡೆ ಹತ್ತನ್ನು ಕೊಂದರೆ ಆ ಸ್ಥಳವನ್ನು ತುಂಬಲು ಮತ್ತೆ ಹತ್ತು ಬರುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ.

ನಮ್ಮ ಹಿತ್ತಿಲುಗಳಲ್ಲಿ ಕಾಟ ಕೊಡತಕ್ಕವು ಮುಖ್ಯವಾಗಿ ಮೂರು ಬಗೆ. ಮನೆಯಿಲಿಯು ಹತ್ತುವುದರಲ್ಲಿ ನಿಪುಣ. ಅಟ್ಟ, ಹೆಂಚಿನ ಸಂದು, ತೆಂಗಿನ ಸುಳಿ ಇವು ಅದರ ವಾಸಸ್ಥಾನಗಳು. ಹೆಗ್ಗಣವು ನೆಲವನ್ನು ತೋಡುವುದು. ಅದರ ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಬಿದ್ದಿರುವುದರಿಂದ ಗುರುತಿಸುವುದು ಸುಲಭ. ಹೆಗ್ಗಣಗಳಲ್ಲಿಯೂ ದೊಡ್ಡದು ಚಿಕ್ಕದೆಂದು ಎರಡು ಜಾತಿಗಳಿದ್ದು, ಚಿಕ್ಕ ಜಾತಿಯದು ಕಾಳನ್ನು ಬಿಲದೊಳಕ್ಕೆ ಹೊತ್ತು ಕೂಡಿಹಾಕುವ ಸ್ವಭಾವವುಳ್ಳದ್ದು. ಇಂಗ್ಲಿಷರು ಹೆಗ್ಗಣಕ್ಕೆ ಬ್ಯಾಂಡಿಕೂಟ್ ಎಂದು ಹೇಳುವುದು ತೆಲುಗಿನ 'ಪಂದಿಕೊಕ್ಕು' ಎಂಬ ಮಾತಿನಿಂದ ಬಂದದ್ದು; ಹಂದಿಯಂಥ ಇಲಿಯೆಂದು ಅದರ ಅರ್ಥ. ಮೂರನೆಯದಾದ ಚಿಟ್ಟಿಲಿಯು ದೇಹದಲ್ಲಿ ಅಲ್ಪವಾದರೂ ಪೆನ್ಸಿಲು ತೂರುವಷ್ಟು ರಂಧ್ರವಿದ್ದರೆ ಒಳಕ್ಕೆ ನುಗ್ಗುವುದು. ಇವುಗಳೊಡನೆ ಸೇರಿಸಿ ಜನರು ಹೊಡೆಯುವ ಮೂಗಿಲಿಯು ಮಾತ್ರ ಇಲಿಯ ಜಾತಿಯದೇ ಅಲ್ಲ. ಕೆಟ್ಟ ವಾಸನೆಯೂ ಚೂಪಾದ ಮೂತಿಯೂ ಉಳ್ಳ ಆ ಪ್ರಾಣಿ ಜಿರಲೆ ಮೊದಲಾದ ಹುಳುಗಳನ್ನು ತಿನ್ನತಕ್ಕದ್ದು. ಅದರ ಗೋಜಿಗೆ ಹೋಗದಿರುವುದೇ ಒಳ್ಳೆಯದು.

ಇನ್ನು ನಷ್ಟವನ್ನು ಲೆಕ್ಕಮಾಡೋಣ. ದೊಡ್ಡ ಇಲಿಯೊಂದು ದಿನಕ್ಕೆ ಇಪ್ಪತ್ತು ಗ್ರಾಂ ಕಾಳನ್ನು ತಿನ್ನುವುದೆಂದು ಇಟ್ಟುಕೊಂಡರೂ, ಹತ್ತು ಇಲಿಗಳಿಗೆ ದಿನಕ್ಕೆ ೨೦೦ ಗ್ರಾಂ, ತಿಂಗಳಿಗೆ ೬ ಕಿಲೋ ಆಯಿತು. ಮೊಟ್ಟೆಯಿಡುವ ಕೋಳಿಯೊಂದಕ್ಕೆ ದಿನಕ್ಕೆ ಬೇಕಾದ ಆಹಾರವೇ ಸುಮಾರು ೧೧೦ ಗ್ರಾಂ. ಎಂದಮೇಲೆ, ಹತ್ತು ಇಲಿಗಳಿರುವ ಮನೆಯವನು ಮೊಟ್ಟೆಯಿಡದ ಎರಡು ಕೋಳಿಗಳನ್ನು ತನಗೆ ತಿಳಿಯದಂತೆ ಸಾಕುತ್ತಿರುವನೆಂದು ಹೇಳಬಹುದು. ತಿಂದುದಕ್ಕಿಂತ ಹಿಕ್ಕೆ ಮೂತ್ರಗಳಿಂದ ಕೆಡಿಸಿದುದು ಹೆಚ್ಚು. ಕೋಳಿಗೆ ಇರುಳಿನಲ್ಲಿ ಕಣ್ಣು ಕಾಣದು. ಕತ್ತಲಾದ ಮೇಲೆ ಹೇಂಟೆಯು ತನ್ನ ಮರಿಗಳನ್ನು ಕಾಪಾಡಲಾರದೆ ಕುಳಿತಲ್ಲಿಯೇ ಕುಳಿತಿರುವುದು. ಆ ಹೊತ್ತೇ ಇಲಿಗೆ ಬೆಳಗು.

ಕಾಳಿನ ನಷ್ಟವನ್ನು ಹೇಗಾದರೂ ಸಹಿಸಬಹುದು. ಇದಕ್ಕಿಂತ ಭಯಂಕರವಾದುದು ಇಲಿಯ ಹಿಂದೆ ಬರುವ ಹಾವು. ಇಲಿಯಿರುವಲ್ಲಿಗೆ ಕೇರೆಯೂ ನಾಗರವೂ ಬರುವುದು ಸಹಜಧರ್ಮ. ಸಂಜೆಗತ್ತಲಲ್ಲಿ ಮೊಟ್ಟೆ ತೆಗೆಯಲು ಗೂಡಿನ ಮೂಲೆಗೆ ಕೈಹಾಕುವವರು ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಹೆಂಗಸರು, ಮಕ್ಕಳು. ಭಾರತದಲ್ಲಿ ೨೦೦೦ದಿಂದ ೨೦೧೯ರವರೆಗೆ ಹಾವಿನ ಕಡಿತದಿಂದ ಸತ್ತವರು ಸುಮಾರು ೧೨ ಲಕ್ಷವೆಂದು, ಎಂದರೆ ವರ್ಷಕ್ಕೆ ಸರಾಸರಿ ೫೮ ಸಾವಿರವೆಂದು ಅಂದಾಜು ಮಾಡಿರುವರು. ಕರ್ನಾಟಕ ಸರ್ಕಾರವು ೨೦೨೪ರಲ್ಲಿ ಹಾವಿನ ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕೆಂದು ವಿಧಿಸಿತು. ಗೂಡಿನ ಬಳಿಯ ಬಿಲವನ್ನು ಮುಚ್ಚುವವನು ಬರಿಯ ನುಚ್ಚನ್ನು ಮಾತ್ರ ಉಳಿಸುತ್ತಿಲ್ಲವೆಂಬುದು ಇದರಿಂದ ವ್ಯಕ್ತವಾಗುವುದು.

ರೋಗದ ಮಾತೂ ಹಾಗೆಯೇ. ೧೮೯೮ರಲ್ಲಿ ಪ್ಲೇಗು ಬೆಂಗಳೂರನ್ನು ಹೊಕ್ಕ ಕಾಲದಿಂದ 'ಇಲಿ ಬಿದ್ದಿತು' ಎಂಬ ಮಾತನ್ನು ಕೇಳಿದರೆ ಸಾಕು, ಜನರು ಊರನ್ನು ಬಿಟ್ಟು ಬಯಲಿನಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಬೆಂಗಳೂರಿನಲ್ಲಿ ಪ್ಲೇಗು ಮಾರಮ್ಮನ ಗುಡಿಗಳು ಆ ದಿನಗಳ ಗುರುತಾಗಿ ಉಳಿದಿವೆ. ಇಲಿಯ ಮೈಮೇಲಿನ ಚಿಗಟದಿಂದ ರೋಗವು ಹರಡುವುದೆಂಬುದನ್ನು ಸೀಮೊಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ಅದೇ ೧೮೯೮ರಲ್ಲಿ ಪ್ರಯೋಗದಿಂದ ತೋರಿಸಿದನು. ಪ್ಲೇಗಿನ ಆ ಭೀತಿ ಈಗ ಇಲ್ಲ. ಆದರೆ ಇಲಿಜ್ವರವು ಉಂಟು. ಇಲಿಯ ಮೂತ್ರ ಬಿದ್ದ ನೀರು, ಕೆಸರು, ಇವುಗಳಲ್ಲಿ ಬರಿಗಾಲಿನಿಂದ ನಡೆದರೆ ಕಾಲಿನ ಗಾಯದ ಮೂಲಕ ರೋಗಾಣುವು ದೇಹವನ್ನು ಸೇರುವುದು. ಕರಾವಳಿ ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಇದು ಹೆಚ್ಚು. ಜ್ವರ, ಮೀನಖಂಡಗಳ ತೀವ್ರವಾದ ನೋವು, ಕೆಂಗಣ್ಣು, ಆಮೇಲೆ ಕಾಮಾಲೆ, ಇವು ಅದರ ಲಕ್ಷಣಗಳು. ಮೊದಲಲ್ಲಿಯೇ ವೈದ್ಯರನ್ನು ಕಂಡರೆ ಗುಣವಾಗತಕ್ಕ ರೋಗ. ಉದಾಸೀನ ಮಾಡಿದರೆ ಪ್ರಾಣಾಪಾಯ.

ಇಲಿಯನ್ನು ನಮ್ಮ ಪೂರ್ವಿಕರು ಎಂದೂ ಲಘುವಾಗಿ ಎಣಿಸಿದವರಲ್ಲ. ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಪ್ರಕಟಿಸಿದ ಕೌಟಲ್ಯನ ಅರ್ಥಶಾಸ್ತ್ರದಲ್ಲಿ, ರಾಜ್ಯಕ್ಕೆ ದೈವಿಕವಾಗಿ ಒದಗುವ ಎಂಟು ಮಹಾಭಯಗಳ ಪಟ್ಟಿಯಿದೆ. ಬೆಂಕಿ, ನೀರು, ವ್ಯಾಧಿ, ಕ್ಷಾಮ, ಕ್ರೂರಮೃಗ, ಸರ್ಪ, ರಾಕ್ಷಸ, ಇವುಗಳ ನಡುವೆ ಇಲಿಗೂ ಸರಿಸಮಾನವಾದ ಸ್ಥಾನ ದೊರೆತಿದೆ. ಇಲಿಯ ಭಯವುಂಟಾದರೆ ಬೆಕ್ಕುಗಳನ್ನೂ ಮುಂಗುಸಿಗಳನ್ನೂ ಬಿಡಬೇಕು. ಅವನ್ನು ಹಿಡಿದವರಿಗೆ, ಕೊಂದವರಿಗೆ ಹನ್ನೆರಡು ಪಣ ದಂಡ. ಕಳ್ಳಿಯ ಹಾಲನ್ನು ಲೇಪಿಸಿದ ಕಾಳನ್ನು ಚೆಲ್ಲಬಹುದು. ಮೂಷಿಕಕರವೆಂಬುದೊಂದನ್ನು ವಿಧಿಸಲೂ ಬಹುದು ಎಂದು ಅಲ್ಲಿ ಹೇಳಿದೆ. ಆದರೆ ಕೋಳಿಗೂಡುಳ್ಳವರು ಈ ಶಾಸ್ತ್ರವನ್ನು ವಿವೇಚನೆಯಿಂದ ಅನುಸರಿಸಬೇಕು. ಮುಂಗುಸಿಯು ಇಲಿಗಿಂತ ಮೊದಲು ಕೋಳಿಯನ್ನೇ ಹಿಡಿಯುವುದು. ಬೆಕ್ಕು ಬೆಳೆದ ಕೋಳಿಯ ತಂಟೆಗೆ ಸಾಮಾನ್ಯವಾಗಿ ಹೋಗದಿದ್ದರೂ ಮರಿಗಳನ್ನು ಬಿಡದು. ಬಲಿತ ಹೆಗ್ಗಣವನ್ನು ಕಂಡರೆ ಎಷ್ಟೋ ಬೆಕ್ಕುಗಳು ತಾವೇ ಹಿಂಜರಿಯುವುವು. ಇನ್ನು ಕಾಳಿಗೆ ವಿಷ ಹಚ್ಚುವ ವಿಷಯ. ಕೌಟಲ್ಯನು ರಾಜ್ಯಕ್ಕೆ ಹೇಳಿದನೇ ಹೊರತು ಕೋಳಿ ಮೇಯುವ ಅಂಗಳಕ್ಕೆ ಹೇಳಲಿಲ್ಲ.

ಈ ವಿಷಯದಲ್ಲಿ ನಮ್ಮ ಕಣ್ಣೆದುರಿಗೇ ನಡೆದ ಸಂಗತಿಯೊಂದುಂಟು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ವಯಸ್ಸಾದ ತಾಯಿಯೊಬ್ಬರು ಎಂಟು ಹೇಂಟೆಗಳನ್ನು ಸಾಕಿಕೊಂಡು, ಮೊಟ್ಟೆಯ ಹಣದಲ್ಲಿ ಮೊಮ್ಮಗನ ಶಾಲೆಯ ಖರ್ಚನ್ನು ನೋಡಿಕೊಳ್ಳುತ್ತಿದ್ದರು. ಹನ್ನೊಂದು ಮರಿಗಳು ಕಾವಿನಿಂದೆದ್ದವು. ಮೂರು ರಾತ್ರಿಗಳಲ್ಲಿ ಏಳು ಹೋದವು. ಯಾರೋ ಹೇಳಿದರೆಂದು ಅವರು ಇಲಿಪಾಷಾಣವನ್ನು ಟೊಮೇಟೊ ಹೋಳಿಗೆ ಸವರಿ ಬಿಲದ ಬಳಿ ಇಟ್ಟರು. ಇಲಿಯು ಆ ಹೋಳನ್ನು ಗೂಡಿನ ಬಾಗಿಲವರೆಗೆ ಎಳೆದು ತಂದು ಬಿಟ್ಟಿತ್ತು. ಬೆಳಗ್ಗೆ ಬಾಗಿಲು ತೆಗೆದೊಡನೆ ಮರಿಗಳ ತಾಯಿಯೇ ಅದನ್ನು ಮೊದಲು ಕುಟುಕಿತು. "ಮೇಷ್ಟ್ರೇ, ಇಲಿ ಮರಿಗಳನ್ನ ತಗೊಂಡು ಹೋಯ್ತು, ಔಷಧ ತಾಯನ್ನೇ ತಗೊಂಡು ಹೋಯ್ತು" ಎಂದು ಅವರು ಹೇಳಿದಾಗ ನಮಗೆ ಉತ್ತರ ತೋಚಲಿಲ್ಲ. ಮೊಮ್ಮಗನು ಆ ಹೋಳನ್ನು ಮುಟ್ಟಲಿಲ್ಲವಲ್ಲಾ ಎಂಬುದೊಂದೇ ಸಮಾಧಾನ.

ಆದುದರಿಂದ ವಿಷದ ವಿಚಾರವನ್ನು ಸ್ಪಷ್ಟವಾಗಿ ಹೇಳಿಬಿಡುವೆವು. ಹಳದಿ ರಂಜಕವಿರುವ ಪಾಷಾಣಕ್ಕೆ ಪ್ರತಿವಿಷವಿಲ್ಲ. ಅದನ್ನು ತಿಂದವರು ಮೊದಲು ವಾಂತಿ ಮಾಡಿಕೊಂಡು, ಆಮೇಲೆ ಒಂದೆರಡು ದಿನ ಚೆನ್ನಾಗಿಯೇ ಇರುವಂತೆ ಕಂಡು, ಅನಂತರ ಯಕೃತ್ತು ಕೆಟ್ಟು ಸಾಯುವುದುಂಟು. ಸತುವಿನ ಫಾಸ್ಫೈಡೆಂಬ ಕಪ್ಪು ಪುಡಿಯು ಹೊಟ್ಟೆಯೊಳಗೆ ವಿಷವಾಯುವನ್ನು ಹುಟ್ಟಿಸುವುದು, ಅದಕ್ಕೂ ಪ್ರತಿವಿಷವಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆಗಳು ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ ಕೆಲವು ದಿನಗಳಲ್ಲಿ ಇಲಿಯನ್ನು ಕೊಲ್ಲುವುವು. ವಿಟಮಿನ್ ಕೆ ಇದಕ್ಕೆ ಪ್ರತಿವಿಷ. ಆದರೆ ವಿಷ ತಿಂದು ತೂಕಡಿಸುವ ಇಲಿಯನ್ನು ಗೂಬೆಯೂ ಬೆಕ್ಕೂ ನಾಯಿಯೂ ಹಿಡಿದು ತಿಂದು ತಾವೂ ಸಾಯುವುದುಂಟು. ಗೂಬೆಯನ್ನು ಅಪಶಕುನವೆಂದು ಓಡಿಸುವವರು ಬಹಳ ಮಂದಿ. ಇಲಿಯೇ ಅದರ ಮುಖ್ಯ ಆಹಾರವೆಂಬುದನ್ನು ಮರೆತು, ಸಂಬಳವಿಲ್ಲದ ಕಾವಲುಗಾರನನ್ನು ನಾವೇ ಹೊರಗಟ್ಟುತ್ತೇವೆ. ಕೋಳಿಯೂ ಸತ್ತ ಚಿಟ್ಟಿಲಿಯನ್ನು ಕುಟುಕಿ ತಿನ್ನತಕ್ಕ ಪ್ರಾಣಿಯೆಂಬುದನ್ನು ಮರೆಯಬಾರದು. ಕೋಳಿ, ಮಕ್ಕಳು, ಸಾಕುಪ್ರಾಣಿಗಳು ಇರುವ ಹಿತ್ತಿಲಿಗೆ ವಿಷವು ಯೋಗ್ಯವಲ್ಲವೆಂಬುದೇ ನಮ್ಮ ಖಚಿತವಾದ ಅಭಿಪ್ರಾಯ. ಯಾರಾದರೂ ಅಕಸ್ಮಾತ್ತಾಗಿ ತಿಂದರೆ, ನೋಡುವುದಕ್ಕೆ ಆರೋಗ್ಯವಾಗಿದ್ದರೂ ಸರಿಯೇ, ಆ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಒಡನೆಯೇ ಆಸ್ಪತ್ರೆಗೆ ಹೋಗತಕ್ಕದ್ದು.

ಹಾಗಾದರೆ ಮಾಡಬೇಕಾದುದೇನು? ಮೊದಲು ಮೂಷಕನ ಕೈಯನ್ನು ಕಟ್ಟಬೇಕು. ಕಾಳು, ನುಚ್ಚು, ತೌಡು, ಹಿಂಡಿ, ಇವುಗಳನ್ನು ಗೋಣಿಚೀಲದಲ್ಲಾಗಲಿ ಪ್ಲಾಸ್ಟಿಕ್ ಡಬ್ಬಿಯಲ್ಲಾಗಲಿ ಇಡಬಾರದು. ಇಲಿಯ ಮುಂದಿನ ಹಲ್ಲುಗಳು ಆಯುಸ್ಸಿರುವವರೆಗೂ ಬೆಳೆಯುತ್ತಲೇ ಇರುವುದರಿಂದ ಅದು ಕಡಿಯದ ವಸ್ತುಗಳು ಕೆಲವೇ. ಬಿಗಿಯಾದ ಮುಚ್ಚಳವುಳ್ಳ ತಗಡಿನ ಡಬ್ಬಿಯೇ ಶ್ರೇಷ್ಠ. ಕೋಳಿಗಳಿಗೆ ಕಾಲುಗಂಟೆಯಲ್ಲಿ ತಿಂದು ಮುಗಿಸುವಷ್ಟನ್ನು ಮಾತ್ರ, ನೆಲಕ್ಕೆ ಚೆಲ್ಲದೆ ಪಾತ್ರೆಯಲ್ಲಿ ಹಾಕಬೇಕು. ಸಂಜೆಯ ಮೇವನ್ನು ಕತ್ತಲೆಗೆ ಮುಂಚೆಯೇ ಕೊಟ್ಟು ಮಿಕ್ಕುದನ್ನು ಗುಡಿಸಿ ತೆಗೆಯಬೇಕು. ನೀರಿನ ಪಾತ್ರೆಯನ್ನು ರಾತ್ರಿ ಬೋರಲು ಹಾಕುವುದು ಒಳ್ಳೆಯದು. ಒಣಕಾಳು ತಿನ್ನುವ ಇಲಿಗೆ ನೀರೂ ಅವಶ್ಯವಷ್ಟೆ. ಮೊಟ್ಟೆಯನ್ನು ಸೂರ್ಯಾಸ್ತಕ್ಕೆ ಮುನ್ನ, ಬೆಳಕಿನಲ್ಲಿ ನೋಡಿ ತೆಗೆಯಬೇಕು. ಎಂದಿಗೂ ಕಾಣದ ಮೂಲೆಗೆ ಕೈಹಾಕಬಾರದು. ಅಡುಗೆಮನೆಯ ಮುಸುರೆಯನ್ನು ಗೂಡಿನ ಪಕ್ಕದಲ್ಲಿ ಸುರಿಯುವ ರೂಢಿಯನ್ನು ಅಂದೇ ನಿಲ್ಲಿಸಬೇಕು.

ಬಳಿಕ ಆಖುವಿನ ಬಿಲವನ್ನು ಮುಚ್ಚಬೇಕು. ಒಂದು ಸಂಜೆ ಹಿತ್ತಿಲಲ್ಲಿ ಕಾಣುವ ಬಿಲಗಳೆಲ್ಲವನ್ನೂ ಮಣ್ಣಿನಿಂದ ಮುಚ್ಚಿ, ಮರುದಿನ ಬೆಳಗ್ಗೆ ನೋಡಿದರೆ, ಯಾವುದು ತೆರೆದಿರುವುದೋ ಅದರಲ್ಲಿ ಇಲಿಯಿದೆಯೆಂದು ನಿಶ್ಚಯವಾಗುವುದು. ಬಿಲದೊಳಕ್ಕೆ ಕೈಯನ್ನಾಗಲಿ ಕೋಲನ್ನಾಗಲಿ ಹಾಕುವುದು ಬೇಡ. ಒಳಗಿರುವುದು ಇಲಿಯೇ ಎಂದು ಹೇಳಬಲ್ಲವರಾರು? ಇಲಿ ತೊಲಗಿದ ಮೇಲೆ ಕಲ್ಲು, ಗಾಜಿನ ಚೂರು, ಸಿಮೆಂಟು ಸೇರಿಸಿ ಗಟ್ಟಿಯಾಗಿ ಮುಚ್ಚಬೇಕು. ಸೌದೆಯ ರಾಶಿಯನ್ನು ಗೂಡಿನಿಂದ ದೂರವಾಗಿ, ನೆಲದಿಂದ ಒಂದು ಅಡಿ ಮೇಲೆ ಕಲ್ಲಿನ ಮೇಲಿಟ್ಟು ಜೋಡಿಸಬೇಕು. ಒಡೆದ ಹೆಂಚು, ತೆಂಗಿನ ಗರಿ, ಹಳೆಯ ಗೋಣಿ, ಇವುಗಳ ಗುಡ್ಡೆಯು ಇಲಿಗೆ ಕಟ್ಟಿಕೊಟ್ಟ ಛತ್ರವೇ ಸರಿ. ಗೂಡಿನ ಸುತ್ತ ಎರಡು ಮೂರು ಅಡಿ ಅಗಲ ಹುಲ್ಲು ಕಳೆಗಳಿಲ್ಲದೆ ಬಯಲಾಗಿದ್ದರೆ ಇಲಿ ಅದನ್ನು ದಾಟಲು ಅಳುಕುವುದು. ಗೂಡಿನ ಮಾಡನ್ನು ಮುಟ್ಟುವ ಕೊಂಬೆಗಳನ್ನು ಕಡಿಯಬೇಕು. ತೆಂಗಿನ ಮರದಲ್ಲಿ ಇಲಿಯಿದ್ದರೆ ಕಾಂಡಕ್ಕೆ ಆಳೆತ್ತರದಲ್ಲಿ ಒಂದೂವರೆ ಅಡಿ ಅಗಲದ ನುಣುಪಾದ ತಗಡನ್ನು ಸುತ್ತುವುದುಂಟು.

ಗೂಡಿನ ರಚನೆಯಲ್ಲಿ ಎರಡು ಮಾತು. ಅಂಗಡಿಯಲ್ಲಿ ಕೋಳಿಬಲೆಯೆಂದು ಮಾರುವ, ಆರು ಮೂಲೆಯ ದೊಡ್ಡ ಕಣ್ಣುಗಳ ತಂತಿಯು ಕೋಳಿಯನ್ನು ಒಳಗಿಡುವುದೇ ಹೊರತು ಇಲಿಯನ್ನು ಹೊರಗಿಡಲಾರದು. ಅರ್ಧ ಅಂಗುಲಕ್ಕೆ ಮೀರದ ಕಣ್ಣಿನ, ಬೆಸೆದ ಗಟ್ಟಿ ಜಾಲರಿಯೇ ಬೇಕು. ಮರಿಗಳ ಗೂಡಿಗೆ ಕಾಲು ಅಂಗುಲದ್ದು ಉತ್ತಮ. ನೆಲದ ಮೇಲೆ ಕಟ್ಟಿದ ಗೂಡಾದರೆ ಜಾಲರಿಯನ್ನು ಗೋಡೆಯ ಬುಡದಿಂದ ಹೊರಕ್ಕೆ ಒಂದು ಅಡಿ ನೆಲದಲ್ಲಿ ಹಾಸಿ ಮಣ್ಣು ಮುಚ್ಚಬೇಕು. ಇಲಿಯು ಗೋಡೆಯ ಬುಡದಲ್ಲೇ ತೋಡುವ ಅಭ್ಯಾಸವುಳ್ಳದ್ದಾದುದರಿಂದ ಅಲ್ಲಿಯೇ ಅದಕ್ಕೆ ತಡೆಯುಂಟಾಗುವುದು. ಹೊಸದಾಗಿ ಕಟ್ಟಿಸುವವರು ಗೂಡನ್ನು ಮೂರು ಅಡಿ ಎತ್ತರದ ಕಾಲುಗಳ ಮೇಲೆ ನಿಲ್ಲಿಸಿ, ಪ್ರತಿ ಕಾಲಿಗೂ ಕೊಡೆಯಂತೆ ಬಾಗಿದ ತಗಡನ್ನು ತೊಡಿಸಿ, ಕೋಳಿಗಳು ಹತ್ತಿದ ಮೇಲೆ ಏಣಿಯನ್ನು ತೆಗೆದಿಟ್ಟರೆ ಇಲಿಗೆ ದಾರಿಯೇ ಇಲ್ಲ. ಏಣಿಯನ್ನು ತೆಗೆಯುವ ಕೆಲಸವನ್ನು ಮನೆಯ ಹುಡುಗರಿಗೆ ವಹಿಸಿದರೆ ಅವರಿಗೂ ಹೊಣೆಯರಿತ ನಡತೆ ಬರುವುದು.

ಇಷ್ಟು ಮಾಡಿಯೂ ಉಳಿದ ಇಲಿಗಳಿಗೆ ಬೋನು ಸಾಕು. ಇಲಿಯು ಹೊಸ ವಸ್ತುವನ್ನು ಕಂಡರೆ ಕೆಲವು ದಿನ ಹತ್ತಿರ ಸುಳಿಯದು. ಈ ಗುಣವನ್ನರಿತು, ಮೊದಲ ಮೂರು ನಾಲ್ಕು ರಾತ್ರಿ ಬೋನನ್ನು ಹೂಡದೆಯೇ ಕೊಬ್ಬರಿಯ ಚೂರನ್ನೋ ಕರಿದ ಬೋಂಡದ ತುಣುಕನ್ನೋ ಇಟ್ಟು ಅಭ್ಯಾಸ ಮಾಡಿಸಿ, ಆಮೇಲೆ ಹೂಡಬೇಕು. ಇಲಿಯು ಗೋಡೆಯನ್ನು ಒರಸಿಕೊಂಡೇ ಓಡಾಡುವುದರಿಂದ ಬೋನನ್ನು ಬಯಲಿನಲ್ಲಿಡದೆ ಗೋಡೆಗೆ ತಾಗಿಸಿಡಬೇಕು. ಒಂದಕ್ಕಿಂತ ನಾಲ್ಕಾರು ಬೋನುಗಳನ್ನು ಒಂದೇ ರಾತ್ರಿ ಹೂಡುವುದು ಹೆಚ್ಚು ಫಲಕಾರಿ. ಹಗಲಿನಲ್ಲಿ ಮಕ್ಕಳಿಗೂ ಕೋಳಿಗಳಿಗೂ ಸಿಕ್ಕದಂತೆ ಎತ್ತಿಡತಕ್ಕದ್ದು. ಅಂಟುಹಲಗೆಯ ಮೇಲೆ ಇಲಿಯನ್ನು ಸಿಕ್ಕಿಸಿ ದಿನಗಟ್ಟಲೆ ನರಳಿಸುವುದು ಮನುಷ್ಯಧರ್ಮವಲ್ಲ. ಭಾದ್ರಪದದಲ್ಲಿ ವಿನಾಯಕನ ವಾಹನವೆಂದು ಅಕ್ಷತೆ ಹಾಕಿದ ಪ್ರಾಣಿಯನ್ನು ಕೊಲ್ಲಬೇಕಾಗಿ ಬಂದರೆ ಒಂದೇ ಏಟಿಗೆ ಸಾಯುವಂತೆ ನೋಡಿಕೊಳ್ಳುವುದಾದರೂ ನಮ್ಮ ಕರ್ತವ್ಯ. ಸತ್ತ ಇಲಿಯನ್ನು ಬರಿಗೈಯಿಂದ ಮುಟ್ಟದೆ ಆಳವಾಗಿ ಹೂಳಬೇಕು. ಹಿಕ್ಕೆಯಿರುವ ಸ್ಥಳವನ್ನು ಒಣಗಿದ್ದಂತೆಯೇ ಗುಡಿಸಬಾರದು. ಬ್ಲೀಚಿಂಗ್ ಪುಡಿಯನ್ನು ಕದಡಿದ ನೀರನ್ನು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಕಾಲಿಗೆ ಚಪ್ಪಲಿ ಮೆಟ್ಟಿ ಗುಡಿಸಬೇಕು.

ಈ ಕೆಲಸಕ್ಕೆ ಕಾಲವೂ ಉಂಟು, ಜೊತೆಯೂ ಬೇಕು. ಮುಂಗಾರು ಹಿಡಿದೊಡನೆ ಬಿಲಗಳಿಗೆ ನೀರು ನುಗ್ಗಿ ಇಲಿಗಳು ಮನೆ ಕೊಟ್ಟಿಗೆಗಳನ್ನು ಸೇರುತ್ತವೆ. ಸುಗ್ಗಿ ಮುಗಿದು ಹೊಲ ಬರಿದಾದಾಗ ಮತ್ತೊಮ್ಮೆ ಬರುತ್ತವೆ. ಆದುದರಿಂದ ವೈಶಾಖದಲ್ಲಿಯೇ ಗೂಡನ್ನು ಭದ್ರಪಡಿಸಿ, ಸುಗ್ಗಿಗೆ ಮುಂಚೆ ಮತ್ತೊಮ್ಮೆ ನೋಡಿಕೊಳ್ಳಬೇಕು. ಒಬ್ಬನ ಹಿತ್ತಿಲಿನಲ್ಲಿ ವಾಸಮಾಡಿ ಮತ್ತೊಬ್ಬನ ಹಿತ್ತಿಲಿನಲ್ಲಿ ಊಟಮಾಡುವುದು ಇಲಿಯ ಪದ್ಧತಿ. ಒಂದು ಬೀದಿಯ ನಾಲ್ಕು ಮನೆಯವರು ಒಂದೇ ವಾರದಲ್ಲಿ ಈ ಕೆಲಸವನ್ನು ಮಾಡಿದರೆ ಫಲವು ನಿಲ್ಲುವುದು. ಒಬ್ಬನೇ ಮಾಡಿದರೆ ಇಲಿ ಪಕ್ಕದ ಮನೆಗೆ ಹೋಗಿ ಹಿಂತಿರುಗುವುದು.

ಮೇಲೆ ಹೇಳಿದ ತಾಯಿಯವರ ಮನೆಯಲ್ಲಿ ನೆರೆಹೊರೆಯ ಹುಡುಗರು ಸೇರಿ ಒಂದು ಭಾನುವಾರ ಸೌದೆಯನ್ನು ಎತ್ತರಿಸಿ, ರಾಗಿಯನ್ನು ತಗಡಿನ ಡಬ್ಬಿಗೆ ತುಂಬಿ, ಗೂಡಿನ ಕೆಳಬದಿಗೆ ಜಾಲರಿ ಹಾಕಿಕೊಟ್ಟರು. ಖರ್ಚಾದುದು ಜಾಲರಿಗೂ ಡಬ್ಬಿಗೂ ಮಾತ್ರ. ಮುಂದಿನ ಸಲ ಕಾವಿನಿಂದೆದ್ದ ಒಂಬತ್ತು ಮರಿಗಳಲ್ಲಿ ಒಂದನ್ನು ಹದ್ದು ಒಯ್ದಿತು. ಇಲಿಯ ಪಾಲಿಗೆ ಒಂದೂ ಹೋಗಲಿಲ್ಲ.

ಇಲಿಯ ಮೇಲಿನ ಸಿಟ್ಟಿಗೆ ಮನೆಗೆ ಬೆಂಕಿಯಿಟ್ಟರೆಂಬ ಗಾದೆಯನ್ನು ಎಲ್ಲರೂ ಬಲ್ಲರು. ಪಾಷಾಣದ ಪೊಟ್ಟಣವೂ ಅಂಥದೇ ಒಂದು ಬೆಂಕಿ. ಅದನ್ನು ಕೊಳ್ಳಲು ಅಂಗಡಿಗೆ ಹೊರಡುವುದಕ್ಕೆ ಮೊದಲು ಗೃಹಸ್ಥರು ಒಂದು ದೀಪವನ್ನು ಹಿಡಿದು ರಾತ್ರಿ ಒಂಬತ್ತು ಗಂಟೆಗೆ ತಮ್ಮ ಹಿತ್ತಿಲನ್ನು ಒಮ್ಮೆ ಸುತ್ತಿ, ಇಲಿಗೆ ಅನ್ನವೆಲ್ಲಿ ದೊರೆಯುತ್ತಿದೆ, ನೀರೆಲ್ಲಿ, ನೆಲೆಯೆಲ್ಲಿ ಎಂಬುದನ್ನು ಕಣ್ಣಾರೆ ಕಂಡು ಬರಲಿ. ಆ ಮೂರನ್ನೂ ನಿಲ್ಲಿಸಿದ ಮೇಲೆ ಅಂಗಡಿಗೆ ಹೋಗುವ ಅವಶ್ಯಕತೆಯೇ ಬಹುಮಟ್ಟಿಗೆ ಉಳಿಯದು.